ಬೆಟ್ಟದಲ್ಲಿ ಮಂಗ ಸತ್ತಿದೆ: ಈ ಸಲ ದರಕಿಗೆ ಜನ ಕಳಿಸಬಹುದೇ?

ತೋಟದ ಮನೆ (ಜನವರಿ 18, ರಾತ್ರಿ 9.20)

ನಮ್ಮದು ಸಾಗರ ತಾಲ್ಲೂಕಿನ ಒಂದು ಮೂಲೆಯ ಒಂಟಿ ಮನೆ. ಮುಂದೆ ಒಂದೂವರೆ ಎಕರೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಮೂರು ಮಲೆನಾಡು ಗಿಡ್ಡ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಇಪ್ಪತ್ತು ಇಪ್ಪತ್ತೈದು ದಿನ ಬೆಟ್ಟದ ತರಗೆಲೆ ಗುಡಿಸಿ, ಹೆಡಿಗೆ ತುಂಬಿ ತಂದು ರಾಶಿ ಹಾಕದಿದ್ದರೆ ಮಳೆಗಾಲದಲ್ಲಿ ದನದ ಕಾಲಡಿಗೆ ಹಾಸಲು ದರಕು ಇರುವುದಿಲ್ಲ, ತೋಟಕ್ಕೆ ಗೊಬ್ಬರವೂ ಇರುವುದಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ದನ ಬಿಡಲು ಹೋದ ನಮ್ಮ ಮನೆಯವರು ಅರ್ಧ ದಾರಿಯಿಂದಲೇ ವಾಪಸು ಬಂದರು. ಬೆಟ್ಟದ ಮತ್ತಿ ಮರದ ಬುಡದಲ್ಲಿ ಕೆಂಪು ಮೂತಿಯ ಮಂಗವೊಂದು ಸತ್ತು ಬಿದ್ದಿತ್ತು. ಮೈಮೇಲೆ ಕಚ್ಚಿದ ಗಾಯವಿಲ್ಲ, ಗುಂಡೇಟಿನ ಗುರುತಿಲ್ಲ. ಬಾಳೆಗೊನೆ, ಏಲಕ್ಕಿ, ಎಳೆ ಅಡಿಕೆ ಯಾವುದನ್ನೂ ಬಿಡದ ಮಂಗಗಳಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಆದರೂ ಆ ಸುದ್ದಿ ಕೇಳಿದಾಗ ಕೈಕಾಲು ತಣ್ಣಗಾಯಿತು. 2018–19ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು (ಉಣ್ಣಿ) ಕಚ್ಚಿ ಬರುವ ಜ್ವರ, ಹರಡಿ ಜನ ಸತ್ತದ್ದನ್ನು ನಮ್ಮ ತಾಲ್ಲೂಕಿನವರು ಮರೆತಿಲ್ಲ. ಆ ಬೇಸಿಗೆ ನಾವು ಬೆಟ್ಟದ ಕಡೆ ತಲೆ ಹಾಕಿ ಮಲಗಿದವರಲ್ಲ.

ಫೋನ್ ಮಾಡಿದ ದಿನವೇ ಆರೋಗ್ಯ ಇಲಾಖೆಯವರು ಬಂದರು. ಮಂಗನ ದೇಹದಿಂದ ಮಾದರಿ ತೆಗೆದುಕೊಂಡು, ಅಲ್ಲೇ ಸುಟ್ಟು, ಸುತ್ತ ಬಿಳಿ ಪುಡಿ ಎರಚಿ ಹೋದರು. ಫಲಿತಾಂಶ ಇನ್ನೂ ಬಂದಿಲ್ಲ. ಮರುದಿನ ಆಶಾ ಕಾರ್ಯಕರ್ತೆ ಬಂದು ಮನೆಯ ನಾಲ್ಕು ಜನರ ಹೆಸರು ಬರೆದುಕೊಂಡು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ನಾಲ್ಕು ಸೀಸೆ ಕೊಟ್ಟರು.

ನನ್ನ ಮನಸ್ಸು ಕೊರೆಯಲು ಶುರುವಾದದ್ದು ಇಲ್ಲಿಂದ. ಆ ನಾಲ್ಕು ಜನ ಯಾರು? ಮಂಡಿ ನೋವಿನ ನಮ್ಮ ಅತ್ತೆ, ಅವರು ಅಂಗಳ ಇಳಿಯುವುದಿಲ್ಲ. ನಾನು, ನನ್ನ ಓಡಾಟ ಅಡುಗೆಮನೆಯಿಂದ ಕೊಟ್ಟಿಗೆಯವರೆಗೆ. ನಮ್ಮ ಮನೆಯವರು, ದನ ಬಿಟ್ಟು ಬರಲು ಬೆಟ್ಟದ ಅಂಚಿಗೆ ಹೋಗುತ್ತಾರೆ, ಅಷ್ಟೇ. ಮಗ ಓದುತ್ತಿರುವುದು ಮಂಗಳೂರಿನಲ್ಲಿ. ದಿನವಿಡೀ ಬೆಟ್ಟದಲ್ಲಿ ಬಗ್ಗಿ, ಬರಿಗೈಯಲ್ಲಿ ಎಲೆ ಬಾಚಿ, ಹೆಡಿಗೆಯನ್ನು ತಲೆಯ ಮೇಲೆ ಹೊತ್ತು ತರುವವರು ಪಕ್ಕದ ಕೇರಿಯ ಅತ್ತಿಗೆ ನಾದಿನಿ ಇಬ್ಬರು. ಅವರ ಕೇರಿ ಮೂರು ಕಿಲೋಮೀಟರ್ ಆಚೆ. ಅಲ್ಲಿ ಮಂಗ ಸತ್ತಿಲ್ಲ, ಹಾಗಾಗಿ ಅಲ್ಲಿ ಎಣ್ಣೆ ಹಂಚಿಲ್ಲ. ನಮ್ಮ ನಾಲ್ಕು ಸೀಸೆ ಹಿಂಗಿನ ಡಬ್ಬಿಯ ಪಕ್ಕ ಸಾಲಾಗಿ ಕೂತಿವೆ.

ಒಂದು ಸೀಸೆ ಕೊಡಲು ಹೋದೆ. ದೊಡ್ಡವಳು ನಕ್ಕು, "ಇರಲಿ ಅಮ್ಮಾ, ನಮಗೆಲ್ಲ ಅಭ್ಯಾಸವಾಗಿದೆ" ಎಂದಳು. ಚಿಕ್ಕವಳು ಒಂದು ಮಾತೂ ಆಡದೆ ಸೀಸೆಯನ್ನು ಕಟ್ಟೆಯ ಮೇಲೆ ಇಟ್ಟು ಹೋದಳು.

ಅನುಭವವಿದ್ದವರು ಹೇಳಿ. ಈ ವರ್ಷ ದರಕು ಬೇಡವೆಂದು ನಿಲ್ಲಿಸಲೇ? ನಿಲ್ಲಿಸಿದರೆ ಅವರ ಇಪ್ಪತ್ತು ದಿನದ ಸಂಬಳ ಹೋಗುತ್ತದೆ. ನಿಲ್ಲಿಸದೆ ಕಳಿಸಿ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ. ಎಣ್ಣೆ ಹಚ್ಚಿಕೊಂಡರೆ ಸಾಕೇ? ಮನೆಗೆ ಹೋದ ಮೇಲೆ ಬಿಸಿನೀರಿನ ಸ್ನಾನ ಮಾಡಬೇಕು ಎನ್ನುತ್ತಾರೆ. ಅವರು ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಆಮೇಲೆ ಒಲೆ ಹಚ್ಚಿ ಅನ್ನ ಮಾಡಬೇಕೋ, ಸ್ನಾನದ ನೀರು ಕಾಯಿಸಬೇಕೋ? ನಮ್ಮ ಬಚ್ಚಲಲ್ಲಿ ಹಂಡೆ ಇಡೀ ದಿನ ಕುದಿಯುತ್ತಿರುತ್ತದೆ. ಬಚ್ಚಲು ಮನೆಯ ಒಳಗಿದೆ. ಅತ್ತೆ ಇದ್ದಾರೆ. ಇದಕ್ಕಿಂತ ಬಿಡಿಸಿ ಹೇಳಲಾರೆ.

ಗುಲಾಬಿ ಸೀರೆ (ಜನವರಿ 18, ರಾತ್ರಿ 10.05)

ನಾನು ತೀರ್ಥಹಳ್ಳಿ ಕಡೆಯ ಆಶಾ. ನಿಮ್ಮ ಮನೆಗೆ ಬಂದವರು ಬೇರೆಯವರು, ಆದರೆ ಪುಸ್ತಕ ಒಂದೇ ತೆರನಾದದ್ದು. ಅದರಲ್ಲಿ ಮನೆಯ ಯಜಮಾನರ ಹೆಸರಿಗೆ ಜಾಗವಿದೆ, ಸದಸ್ಯರ ಸಂಖ್ಯೆಗೆ ಜಾಗವಿದೆ. ಬೆಟ್ಟಕ್ಕೆ ಹೋಗುವವರು ಯಾರು ಎಂದು ಬರೆಯಲು ಜಾಗವಿಲ್ಲ. ಕಳೆದ ವರ್ಷ ನಾನು ಹಂಚಿದ ಸೀಸೆಗಳನ್ನು ಮೇ ತಿಂಗಳಲ್ಲಿ ನೋಡಲು ಹೋದಾಗ ಎಷ್ಟೋ ಮನೆಗಳಲ್ಲಿ ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಒಬ್ಬರ ಮನೆಯಲ್ಲಿ ಅದನ್ನು ಬಾಗಿಲಿನ ತಿರುಗಣಿಗೆ ಹಾಕಿದ್ದರು. ಕಿರ್ ಶಬ್ದ ನಿಂತಿತಂತೆ.

ನಿಮ್ಮ ನಾಲ್ಕು ಸೀಸೆಯನ್ನೂ ಆ ಇಬ್ಬರಿಗೆ ಕೊಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಚ್ಚುವ ಕ್ರಮ ಹೇಳುತ್ತೇನೆ. ಬೆಟ್ಟ ಹತ್ತುವ ಮುಂಚೆ ಪಾದದಿಂದ ಮಂಡಿಯವರೆಗೆ, ಕೈಬೆರಳಿನಿಂದ ಮೊಣಕೈ ದಾಟುವವರೆಗೆ, ಕತ್ತಿನ ಸುತ್ತ ತೆಳ್ಳಗೆ ಸವರಬೇಕು. ಕಣ್ಣು, ಬಾಯಿ, ಗಾಯವಿದ್ದ ಜಾಗ ಬೇಡ. ಬೆವರಿದರೆ ಎಣ್ಣೆ ಹೋಗುತ್ತದೆ. ಆದ್ದರಿಂದ ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ. ಉದ್ದ ತೋಳಿನ ಹಳೆಯ ಅಂಗಿ, ಕಾಲಿಗೆ ಗಂಡಸರ ಪ್ಯಾಂಟು, ಅದರ ತುದಿ ಸಾಕ್ಸ್ ಒಳಗೆ. ನಮ್ಮಲ್ಲಿ ಹೆಂಗಸರು ಮೊದಲು ನಾಚಿದರು, ಈಗ ರೂಢಿಯಾಗಿದೆ.

ನೀವು ಬಿಡಿಸಿ ಹೇಳದೆ ಬಿಟ್ಟ ಸ್ನಾನದ ವಿಷಯವೇ ಮುಖ್ಯ. ಎಣ್ಣೆ ತಡೆಯದೆ ಉಳಿದ ಉಣುಗನ್ನು ಬಿಸಿನೀರು, ಸೋಪು, ಒರಟು ಬಟ್ಟೆ ತೆಗೆಯುತ್ತವೆ. ತೊಟ್ಟ ಬಟ್ಟೆಯೂ ಕುದಿವ ನೀರಿಗೆ ಬೀಳಬೇಕು. ಅದೇ ಸೀರೆಯಲ್ಲಿ ಅವರು ಮೂರು ಕಿಲೋಮೀಟರ್ ನಡೆದು ಹೋಗಿ ಮಕ್ಕಳನ್ನು ಎತ್ತಿಕೊಂಡರೆ ಬೆಟ್ಟದ ಉಣುಗು ಮನೆಯೊಳಗೆ ಹೋದಂತೆಯೇ.

ಲಸಿಕೆಯ ಬಗ್ಗೆ ಮುಂದೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಹಿಂದೆ ಕೊಡುತ್ತಿದ್ದ ಚುಚ್ಚುಮದ್ದು 2022ರಿಂದ ನಿಂತಿದೆ. ಅದು ಇದ್ದಾಗಲೂ ಎರಡು ಡೋಸ್ ಹಾಕಿಸಿಕೊಂಡವರಲ್ಲಿ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಲೆಕ್ಕ ಹಾಕಿದ್ದರು. ನೋವಿಗೆ ಹೆದರಿ ಬೂಸ್ಟರ್‌ಗೆ ಯಾರೂ ಬರುತ್ತಿರಲಿಲ್ಲ. ಹೊಸದು ಕೈಗೆ ಬರುವವರೆಗೆ ಎಣ್ಣೆ ಮತ್ತು ಬಿಸಿನೀರು, ಇವೆರಡೇ ಗತಿ.

ಹಳೇ ಸೊರಬ (ಜನವರಿ 19, ಬೆಳಿಗ್ಗೆ 6.10)

ಕ್ಯಾಸನೂರು ಕಾಡು ನಮ್ಮ ತಾಲ್ಲೂಕಿನದೇ. 1957ರಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಬೆನ್ನಿಗೇ ಜನ ಮಲಗಿದಾಗ ಹೊರಗಿನಿಂದ ಬಂದ ತಜ್ಞರು ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂದಿರಬೇಕೆಂದು ಗಾಬರಿಯಾಗಿದ್ದರು. ಪುಣೆಯಲ್ಲಿ ವೈರಸ್ ಬೇರ್ಪಡಿಸಿದ ಮೇಲೆ ಇದು ಬೇರೆಯೇ ಎಂದು ತಿಳಿಯಿತು. ಇಡೀ ಪ್ರಪಂಚದ ವೈದ್ಯಕೀಯ ಪುಸ್ತಕದಲ್ಲಿ ನಮ್ಮೂರಿನ ಹೆಸರು ಸೇರಿತು, ಅದೂ ಕಾಯಿಲೆಯ ಹೆಸರಾಗಿ.

ನಮ್ಮ ಹಿರಿಯರು ಆಗಲೂ ದರಕು ತಂದರು, ಈಗಲೂ ತರುತ್ತಾರೆ. ಹೊಗೆಸೊಪ್ಪು, ಸುಣ್ಣ ತಿಕ್ಕಿದ ನೀರನ್ನು ಕಾಲಿಗೆ ಸವರಿಕೊಂಡು ಹೋಗುತ್ತಿದ್ದರು. ಎಲೆ ತರುವ ಮುನ್ನ ನೆಲಕ್ಕೆ ಸಣ್ಣಗೆ ಬೆಂಕಿ ಹಾಯಿಸಿದರೆ ಉಣುಗು ಸಾಯುತ್ತದೆ. ಇಷ್ಟಕ್ಕೆಲ್ಲ ಇಷ್ಟು ಹೆದರಬಾರದು.

ಸಿದ್ದಾಪುರದವ (ಜನವರಿ 19, ಬೆಳಿಗ್ಗೆ 8.30)

ಮೇಲಿನ ಹಿರಿಯರಿಗೆ: ಹೊಗೆಸೊಪ್ಪು, ಸುಣ್ಣ ಇಂಬಳಕ್ಕೆ ಸರಿ. ಇಂಬಳ ಕಣ್ಣಿಗೆ ಕಾಣುತ್ತದೆ, ಕಚ್ಚಿದರೆ ರಕ್ತ ಸುರಿಯುತ್ತದೆ, ಕಿತ್ತು ಎಸೆಯಬಹುದು. ಜನವರಿಯಿಂದ ಮೇವರೆಗೆ ನಮ್ಮನ್ನು ಕಚ್ಚುವುದು ಉಣುಗಿನ ಮರಿ. ಗಸಗಸೆ ಕಾಳಿನಷ್ಟು ದೊಡ್ಡದು. ನನಗೆ ಅದು ಯಾವಾಗ ಕಚ್ಚಿತು, ಎಲ್ಲಿ ಕಚ್ಚಿತು, ಇವತ್ತಿನವರೆಗೂ ಗೊತ್ತಿಲ್ಲ. ಇನ್ನು ಬೆಂಕಿ ಹಾಕಿದರೆ ಗುಡಿಸಲು ಎಲೆ ಎಲ್ಲಿ ಉಳಿಯುತ್ತದೆ ಸ್ವಾಮೀ? ಬೆಟ್ಟಕ್ಕೆ ಬೆಂಕಿ ಬಿದ್ದರೆ ಅದು ನಮ್ಮ ಗಡಿ ನೋಡಿ ನಿಲ್ಲುವುದೂ ಇಲ್ಲ.

ನನ್ನ ಕಥೆ ಹೇಳುತ್ತೇನೆ. ಫೆಬ್ರವರಿಯಲ್ಲಿ ಒಂದು ದಿನ ಸೌದೆ ತರಲು ಹೋಗಿದ್ದೆ, ಒಂದೇ ದಿನ. ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತವನಿಗೆ ಚಳಿ ಬಂತು. ರಾತ್ರಿ ಹಣೆ ಸೀಳುವಂತಹ ನೋವು, ಕಣ್ಣು ಕೆಂಪು. ಸೊಂಟ ಮತ್ತು ಮೀನಖಂಡದ ನೋವು ಎಂತಹುದೆಂದರೆ ಹೆಂಡತಿ ಹೊದಿಕೆ ಸರಿಪಡಿಸಿದರೂ ಕೂಗುತ್ತಿದ್ದೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಎಲ್ಲಿ ಹೋಗಿದ್ದೆ, ಏನು ಕೆಲಸ ಮಾಡುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೋವಿನ ಮಾತ್ರೆ ಕೊಟ್ಟರು. ಎರಡು ದಿನ ನುಂಗಿದೆ. ಮೂರನೆಯ ದಿನ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆ, ರಕ್ತದ ಮಾದರಿ ಶಿವಮೊಗ್ಗಕ್ಕೆ, ಪಾಸಿಟಿವ್. ಈ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಪ್ಯಾರಾಸಿಟಮಾಲ್ ಮಾತ್ರ ಎಂದು ಅಲ್ಲಿಯ ವೈದ್ಯರು ಹೇಳಿದರು. ವೈರಸ್ ಕೊಲ್ಲುವ ಔಷಧಿ ಇದಕ್ಕಿಲ್ಲ. ಡ್ರಿಪ್ ಹಾಕಿ, ರಕ್ತದ ಎಣಿಕೆ ನೋಡುತ್ತಾ ಕಾಯುತ್ತಾರೆ.

ಜ್ವರ ಬಿಟ್ಟಿತು, ಮನೆಗೆ ಬಂದೆ. ಹತ್ತು ದಿನದ ಮೇಲೆ ಮತ್ತೆ ಬಂತು. ಎಲ್ಲರಿಗೂ ಹೀಗಾಗುವುದಿಲ್ಲವಂತೆ, ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಆಗುತ್ತದೆ. ಈ ಸಲ ಕತ್ತು ಬಿಗಿ, ಮಾತು ತೊದಲು, ಕೈ ನಡುಕ. ಬದುಕಿದೆ. ಏಪ್ರಿಲ್‌ನಲ್ಲಿ ಸೊಸೈಟಿಗೆ ಅಡಿಕೆಯ ಹಣ ತೆಗೆಯಲು ಹೋದರೆ ನನ್ನ ಸಹಿ ಹೊಂದಲಿಲ್ಲ. ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲ ಗುಮಾಸ್ತ, "ಇನ್ನೊಮ್ಮೆ ಹಾಕಿ ಅಣ್ಣಾ" ಎಂದು ನಾಲ್ಕು ಕಾಗದ ಕೊಟ್ಟ. ನಾಲ್ಕರಲ್ಲಿ ನಾಲ್ಕು ತರಹದ ಸಹಿ. ಕೊನೆಗೆ ಹೆಬ್ಬೆಟ್ಟು ಒತ್ತಿದೆ.

ಆ ಇಬ್ಬರಿಗೆ ಒಂದು ಮಾತು ಹೇಳಿ ತಂಗಿ: ಬೆಟ್ಟಕ್ಕೆ ಹೋಗಿ ಬಂದು ಎರಡು ವಾರದೊಳಗೆ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, "ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು" ಎಂದು ತಾವಾಗಿಯೇ ಹೇಳಬೇಕು. ಮಾತ್ರೆಯ ಅಂಗಡಿಗೆ ಹೋಗಬಾರದು.

ರಾಜಾಜಿನಗರ (ಜನವರಿ 19, ಬೆಳಿಗ್ಗೆ 11.15)

ಮುಂದಿನ ವಾರ ಮಗಳನ್ನು ಕರೆದುಕೊಂಡು ಊರಿಗೆ ಬರುವವನಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರಿಗೆ ಈ ಜ್ವರವಂತೆ. ಬರಬಹುದೇ?

ಗುಲಾಬಿ ಸೀರೆ (ಜನವರಿ 19, ಮಧ್ಯಾಹ್ನ 1.40)

ಬನ್ನಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಪಕ್ಕದ ಮನೆಗೆ ಹೋಗಿ ಮಾತನಾಡಿಸಿ, ಗಂಜಿ ಕೊಟ್ಟು ಬನ್ನಿ, ಅವರಿಗೂ ಸಮಾಧಾನ. ಮಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಡಿ, ದರಕಿನ ರಾಶಿಯ ಮೇಲೆ ಕುಣಿಯಲು ಬಿಡಬೇಡಿ. ನಾವೆಲ್ಲ ಚಿಕ್ಕವರಿದ್ದಾಗ ಕುಣಿದವರೇ, ಅದಕ್ಕೇ ಹೇಳುತ್ತಿದ್ದೇನೆ.

ನಿವೃತ್ತ ಪಶುವೈದ್ಯ (ಜನವರಿ 19, ಸಂಜೆ 7.00)

ದನಗಳ ಮಾತು ಯಾರೂ ಎತ್ತಲಿಲ್ಲ. ಮಂಗನ ಕಾಯಿಲೆ ದನಕ್ಕೆ ಬಂದು ಕಾಡುವುದಿಲ್ಲ. ಆದರೆ ಉಣುಗು ಬಲಿತು ದೊಡ್ಡದಾದಾಗ ಅದಕ್ಕೆ ಹೊಟ್ಟೆ ತುಂಬ ರಕ್ತ ಬೇಕು, ಅದು ಸಿಗುವುದು ಕಾಡಿಗೆ ಮೇಯಲು ಹೋದ ದನದ ಕಿವಿಯ ಒಳಗೆ, ಗಂಗೆದೊಗಲಿನಲ್ಲಿ, ಕೆಚ್ಚಲ ಸಂದಿಯಲ್ಲಿ. ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮುಂದಿನ ವರ್ಷದ ಬೆಳೆಯನ್ನು ನಮ್ಮ ದನಗಳೇ ಬೆಳೆಸಿದ ಹಾಗೆ. ಬೆನ್ನಿನ ಉದ್ದಕ್ಕೆ ಹನಿಸುವ ಔಷಧಿ ಇದೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಯಾರದೋ ಮಾತು ಕೇಳಿ ಹಾಲು ಕರೆಯುವ ಎಮ್ಮೆಗೆ ಐವರ್ಮೆಕ್ಟಿನ್ ಚುಚ್ಚಿಸಬೇಡಿ, ಔಷಧಿಯ ಅಂಶ ಹಾಲಿಗೆ ಬರುತ್ತದೆ.

ಮಂಗ ಸತ್ತ ಬೆಟ್ಟದ ದರಕು ಈ ವರ್ಷ ಬೇಡವೇ ಬೇಡ. ಮಂಗ ಸತ್ತ ಕೂಡಲೇ ಅದರ ಮೈಮೇಲಿದ್ದ ಉಣುಗುಗಳೆಲ್ಲ ಇಳಿದು ಆ ಎಲೆಗಳಲ್ಲೇ ಇರುತ್ತವೆ. ಹಾಸಲು ಭತ್ತದ ಹುಲ್ಲು, ಮರದ ಮಿಲ್ಲಿನ ಹೊಟ್ಟು, ಕತ್ತರಿಸಿದ ಅಡಿಕೆ ಹಾಳೆ ಸಾಕು. ಗೊಬ್ಬರ ಸ್ವಲ್ಪ ಕಡಿಮೆಯಾಗುತ್ತದೆ, ಒಂದು ವರ್ಷಕ್ಕೆ ತೋಟ ಸಾಯುವುದಿಲ್ಲ.

ತೋಟದ ಮನೆ (ಫೆಬ್ರವರಿ 6, ರಾತ್ರಿ 9.50)

ಉತ್ತರ ಕೊಟ್ಟ ಎಲ್ಲರಿಗೂ ನಮಸ್ಕಾರ. ಮಂಗನ ಫಲಿತಾಂಶ ಪಾಸಿಟಿವ್ ಬಂತು. ದರಕು ನಿಲ್ಲಿಸಿದೆವು. ಮಿಲ್ಲಿನಿಂದ ಒಂದು ಟ್ರ್ಯಾಕ್ಟರ್ ಹೊಟ್ಟು ತರಿಸಿದ್ದೇವೆ. ಎಮ್ಮೆಗಳಿಗೆ ಅದರ ವಾಸನೆ ಮೊದಲೆರಡು ದಿನ ಹಿಡಿಸಲಿಲ್ಲ, ಈಗ ಮಲಗುತ್ತವೆ. ಅತ್ತಿಗೆ ನಾದಿನಿಗೆ ಅದೇ ಸಂಬಳಕ್ಕೆ ಅಡಿಕೆ ಆರಿಸುವ ಮತ್ತು ತೋಟದ ಕಳೆಯ ಕೆಲಸ ಕೊಟ್ಟೆ. ವಿಷಯ ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. "ನಿಮ್ಮ ದರಕು ಬಿಟ್ಟೆವು, ನಮ್ಮ ಒಲೆಗೆ ಸೌದೆ ಬೇಡವೇ ಅಮ್ಮಾ?" ಎಂದಳು ದೊಡ್ಡವಳು. ವಾರಕ್ಕೆ ಎರಡು ದಿನ ಕೆಲಸ ಬಿಟ್ಟ ಮೇಲೆ ಅದೇ ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗಿ ಹೊರೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಚಿಕ್ಕವಳನ್ನು ಕೂರಿಸಿಕೊಂಡು, ಎಣ್ಣೆ ಏಕೆ ಬೇಡ ಎಂದು ಇನ್ನೊಮ್ಮೆ ಕೇಳಿದೆ. ತುರಿಕೆ, ಜಿಡ್ಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಹತ್ತು ತಿಂಗಳ ಕೂಸು ಇದೆ. ಹಿಂದೊಮ್ಮೆ ಬೇರೆ ಯಾರದೋ ಮನೆಯ ಕೆಲಸಕ್ಕೆ ಹೋದಾಗ ಆ ಎಣ್ಣೆ ಹಚ್ಚಿಕೊಂಡಿದ್ದಳಂತೆ. ರಾತ್ರಿ ಮನೆಗೆ ಹೋದರೆ ಕೂಸು ವಾಸನೆಗೆ ಮುಖ ತಿರುಗಿಸಿ ಹಾಲು ಕುಡಿಯದೆ ಅತ್ತಿತಂತೆ. "ಅವತ್ತಿನಿಂದ ಮುಟ್ಟಿಲ್ಲ" ಎಂದಳು. ಹದಿನೈದು ದಿನದಿಂದ ನಾನು ಅವಳನ್ನು ಹಟಮಾರಿ ಎಂದು ಬೈದುಕೊಳ್ಳುತ್ತಿದ್ದೆ, ಮನಸ್ಸಿನಲ್ಲೇ ಆದರೂ ಬೈದದ್ದು ಬೈದದ್ದೇ.

ಆಗ ಗುಲಾಬಿ ಸೀರೆಯವರು ಸ್ನಾನವೇ ಮುಖ್ಯ ಎಂದು ಬರೆದದ್ದು ನೆನಪಾಯಿತು. ಅತ್ತೆಗೆ ಎಲ್ಲವನ್ನೂ ಹೇಳಿದೆ. ಬಚ್ಚಲು ಎಂಬ ಮಾತು ನನ್ನ ಬಾಯಿಗೆ ಬರುವ ಮೊದಲೇ ಅವರು, "ಕೂಸು ಹಾಲು ಬಿಟ್ಟಿತೇ?" ಎಂದು ಎರಡು ಸಲ ಕೇಳಿದರು. ಮರುದಿನ ಅಟ್ಟದ ಮೇಲಿದ್ದ ಹಳೆಯ ತಾಮ್ರದ ಹಂಡೆಯನ್ನು ಇಳಿಸಲು ಹೇಳಿದರು. ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು, ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆವು. ನಿಜ ಹೇಳಬೇಕೆಂದರೆ ಒಳಗಿನ ಬಚ್ಚಲು ಒಳಗೇ ಉಳಿಯಿತು. ಅಷ್ಟು ದೂರ ನಮ್ಮ ಮನೆ ಇನ್ನೂ ಬಂದಿಲ್ಲ. ಆದರೆ ನೀರು ಕಾಯುತ್ತದೆ. ಸೌದೆಯ ದಿನ ಅವರು ಎಣ್ಣೆ ಹಚ್ಚಿಕೊಂಡು, ನನ್ನ ಮಗನ ಹಳೆಯ ಪ್ಯಾಂಟು ತೊಟ್ಟು ಹೋಗುತ್ತಾರೆ. ವಾಪಸು ಬಂದು ಹೊರೆಯನ್ನು ಅಂಗಳದಾಚೆ ಇಳಿಸಿ, ಆ ಬಟ್ಟೆಯನ್ನು ಕುದಿವ ನೀರಿಗೆ ಹಾಕಿ, ಮಿಂದು, ಸೀರೆ ಉಟ್ಟು ಮನೆಗೆ ಹೊರಡುತ್ತಾರೆ. ಹೊರೆ ಮರುದಿನ ನಮ್ಮ ಮನೆಯವರ ಪಿಕಪ್‌ನಲ್ಲಿ ಹೋಗಿ ಅವರ ಮನೆಯಿಂದ ದೂರ ಬಿಸಿಲಿಗೆ ಬೀಳುತ್ತದೆ. ಮೊದಲ ದಿನ ಚಿಕ್ಕವಳು ಮಿಂದು ಬಂದವಳು ತನ್ನ ಮೊಣಕೈಯನ್ನು ತಾನೇ ಮೂಸಿ ನೋಡಿಕೊಂಡಳು. ಆಮೇಲೆ ನನ್ನ ಮೂಗಿನ ಮುಂದೆ ಹಿಡಿದಳು. ಸೋಪಿನ ವಾಸನೆ ಮಾತ್ರ ಬರುತ್ತಿತ್ತು.

ನಮ್ಮ ಆಶಾ ನಿನ್ನೆ ಬಂದಿದ್ದರು. ಸೀಸೆಗಳು ಎಲ್ಲಿ ಎಂದರು. ಕೊಟ್ಟಿಗೆಯ ಬಾಗಿಲಿನ ಮೊಳೆಗೆ ತೂಗಿಬಿಟ್ಟ ಎರಡು ಖಾಲಿ ಸೀಸೆ ತೋರಿಸಿದೆ. ನಾಲ್ಕು ಜನರ ಮನೆಯಲ್ಲಿ ಇಷ್ಟು ಬೇಗ ಹೇಗೆ ಖಾಲಿಯಾಯಿತು ಎಂದು ಕೇಳಿದಾಗ ಇದ್ದದ್ದು ಹೇಳಿದೆ. ಅವರು ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಾ ಕೂತರು. ಬೇರೆ ಕೇರಿಯವರ ಹೆಸರು ಇಲ್ಲಿ ಬರೆಯುವ ಹಾಗಿಲ್ಲವಂತೆ. ಆಮೇಲೆ ನಮ್ಮ ಪುಟದ ಕೆಳಗೆ ಇಬ್ಬರ ಹೆಸರನ್ನೂ ಬರೆದು, ಸಂಬಂಧ ಎಂಬಲ್ಲಿ ಏನು ಹಾಕಲಿ ಎಂದು ನನ್ನ ಮುಖ ನೋಡಿದರು. ಒಳಗಿನಿಂದ ಅತ್ತೆ, "ಮನೆಯವರು ಎಂದು ಬರೆದುಕೊಳ್ಳಮ್ಮ, ಎಣ್ಣೆ ಕೊಟ್ಟು ಹೋಗು" ಎಂದರು.